ಎಫ್-ಝೀರೋ ಎಎಕ್ಸ್

ಎಫ್-ಝೀರೋ ಎಎಕ್ಸ್ ಎಂಬುದು 2003ರಲ್ಲಿ ಬಿಡುಗಡೆಯಾದ ಜಪಾನಿನ ಆರ್ಕೇಡ್ ವಿಡಿಯೋ ಆಟ. ನಾಣ್ಯ ಹಾಕಿ ಆಡುವ ಈ ಆಟದ ವಸ್ತು ಭವಿಷ್ಯಕಾಲದ ವೇಗದ ಓಟ. ನಿಂಟೆಂಡೊ ಸಂಸ್ಥೆಯ ಎಫ್-ಝೀರೋ ಸರಣಿಗೆ ಸೇರಿದ ಇದನ್ನು ಸೆಗಾ ಸಂಸ್ಥೆಯ ಅಮ್ಯೂಸ್‌ಮೆಂಟ್ ವಿಷನ್ ವಿಭಾಗವು ಅಭಿವೃದ್ಧಿಪಡಿಸಿತು. ನಿಂಟೆಂಡೊ, ಸೆಗಾ ಮತ್ತು ನ್ಯಾಮ್ಕೊ ಸಂಸ್ಥೆಗಳು ಜೊತೆಗೂಡಿ ರೂಪಿಸಿದ ಟ್ರೈಫೋರ್ಸ್ ಎಂಬ ಯಂತ್ರಾಂಶದ ಮೇಲೆ ಇದು ನಡೆಯುತ್ತದೆ. ಇದರ ಜೋಡಿ ಆಟವಾದ ಎಫ್-ಝೀರೋ ಜಿಎಕ್ಸ್ ಅದೇ ವರ್ಷ ಗೇಮ್‌ಕ್ಯೂಬ್ ಎಂಬ ಮನೆಬಳಕೆಯ ಯಂತ್ರಕ್ಕೆ ಬಂದಿತು.

ಎಎಕ್ಸ್ ಆಟವು ಮನೆಬಳಕೆಯ ಸ್ವತಂತ್ರ ಉತ್ಪನ್ನವಾಗಿ ಎಂದೂ ಮಾರಾಟವಾಗಲಿಲ್ಲ. ಆದರೂ ಅದರ ಬಹುಭಾಗವು ಜಿಎಕ್ಸ್ ಡಿಸ್ಕ್‌ನೊಳಗೆ ಸೇರಿಕೊಂಡು ಆಟಗಾರರ ಮನೆಗಳನ್ನು ತಲುಪಿತ್ತೆಂಬುದು ಬಿಡುಗಡೆಯಾದ ಹತ್ತು ವರ್ಷಗಳ ನಂತರ ತಿಳಿದುಬಂದಿತು. ಆಟವೇ ಮನೆಯಲ್ಲಿರುವಾಗ ಸಂಗ್ರಾಹಕರು ಅರಸುವುದು ಏನನ್ನು ಎಂಬ ಪ್ರಶ್ನೆಯಿಂದಾಗಿ, ಹಳೆಯ ಆರ್ಕೇಡ್ ಯಂತ್ರಗಳ ಸಂಗ್ರಹಯೋಗ್ಯತೆಯ ಚರ್ಚೆಯಲ್ಲಿ ಎಎಕ್ಸ್‌ಗೆ ವಿಶಿಷ್ಟ ಸ್ಥಾನವಿದೆ.

ಹಿನ್ನೆಲೆ

ಎಫ್-ಝೀರೋ ಸರಣಿಯ ಮೊದಲ ಆಟವು 1990ರಲ್ಲಿ ಜಪಾನಿನಲ್ಲಿ ಸೂಪರ್ ಫ್ಯಾಮಿಕಾಮ್ ಯಂತ್ರದೊಂದಿಗೆ ಬಿಡುಗಡೆಯಾಯಿತು. ಕ್ರಿ.ಶ. 2560ರ ಕಾಲದಲ್ಲಿ, ನೆಲಕ್ಕೆ ತಾಗದೆ ತೇಲುತ್ತಾ ಓಡುವ ವಾಹನಗಳ ಪಂದ್ಯ ಇದರ ಕಲ್ಪನೆ. ಸಮತಲವಾದ ಚಿತ್ರವೊಂದನ್ನು ತಿರುಗಿಸಿ, ಹಿಗ್ಗಿಸಿ ಆಳದ ಭ್ರಮೆ ಹುಟ್ಟಿಸುವ ‘ಮೋಡ್ 7’ ಎಂಬ ತಂತ್ರವನ್ನು ಆ ಆಟವು ಜನಪ್ರಿಯಗೊಳಿಸಿತು. 1998ರ ಎಫ್-ಝೀರೋ ಎಕ್ಸ್ ಆಟದಲ್ಲಿ ಓಟದ ದಾರಿಗಳು ನಿಜವಾದ ಮೂರು ಆಯಾಮಗಳನ್ನು ಪಡೆದು, ಒಂದೇ ಪಂದ್ಯದಲ್ಲಿ ಮೂವತ್ತು ವಾಹನಗಳು ಓಡುವಂತಾಯಿತು.

ಸೆಗಾ ಮತ್ತು ನಿಂಟೆಂಡೊ 1990ರ ದಶಕದುದ್ದಕ್ಕೂ ಮನೆಬಳಕೆಯ ಆಟಯಂತ್ರಗಳ ಮಾರುಕಟ್ಟೆಯಲ್ಲಿ ನೇರ ಪ್ರತಿಸ್ಪರ್ಧಿಗಳಾಗಿದ್ದವು. 2001ರಲ್ಲಿ ಸೆಗಾ ತನ್ನ ಡ್ರೀಮ್‌ಕಾಸ್ಟ್ ಯಂತ್ರದ ತಯಾರಿಕೆಯನ್ನು ನಿಲ್ಲಿಸಿ, ಇತರರ ಯಂತ್ರಗಳಿಗೆ ಆಟಗಳನ್ನು ರಚಿಸುವ ಸಂಸ್ಥೆಯಾಗಿ ಬದಲಾಯಿತು. ಮರುವರ್ಷವೇ ಟ್ರೈಫೋರ್ಸ್ ಯೋಜನೆ ಪ್ರಕಟವಾಯಿತು. ನಿಂಟೆಂಡೊ ತನ್ನ ಪ್ರಸಿದ್ಧ ಸರಣಿಯೊಂದನ್ನು ಹಳೆಯ ಎದುರಾಳಿಯ ಕೈಗೆ ಒಪ್ಪಿಸಿದ್ದು ಆ ಕಾಲದ ಆಟಗಾರರಿಗೆ ಅಚ್ಚರಿಯ ಸುದ್ದಿಯಾಗಿತ್ತು. ಆದರೆ ಆಯ್ಕೆ ಆಕಸ್ಮಿಕವಲ್ಲ. ಅಮ್ಯೂಸ್‌ಮೆಂಟ್ ವಿಷನ್ ವಿಭಾಗದ ಮುಖ್ಯಸ್ಥ ತೋಶಿಹಿರೊ ನಗೋಶಿ, ಆರ್ಕೇಡ್ ಅಂಗಡಿಗಳಲ್ಲಿ ಅಪಾರ ಯಶಸ್ಸು ಕಂಡಿದ್ದ ‘ಡೇಟೋನಾ ಯುಎಸ್‌ಎ’ ಕಾರು ಓಟದ ಆಟವನ್ನು ನಿರ್ದೇಶಿಸಿದ್ದವರು. ಅವರ ತಂಡವು ‘ಸೂಪರ್ ಮಂಕಿ ಬಾಲ್’ ಆಟಕ್ಕಾಗಿ ರಚಿಸಿದ್ದ ತಂತ್ರಾಂಶವನ್ನೇ ವಿಸ್ತರಿಸಿ ಹೊಸ ಎಫ್-ಝೀರೋ ಆಟಗಳಿಗೆ ಬಳಸಿಕೊಂಡಿತು. ನಿಂಟೆಂಡೊ ಪರವಾಗಿ ಶಿಗೆರು ಮಿಯಾಮೊಟೊ ನಿರ್ಮಾಪಕರಾಗಿ ಜೊತೆಗಿದ್ದರು.

ಆಟದ ಸ್ವರೂಪ

ಆಟಗಾರನು ಸ್ಟೀರಿಂಗ್, ವೇಗವರ್ಧಕ ಮತ್ತು ಬ್ರೇಕ್ ಪೆಡಲ್‌ಗಳ ನೆರವಿನಿಂದ ವಾಹನವನ್ನು ನಡೆಸುತ್ತಾನೆ. ಸ್ಟೀರಿಂಗ್‌ನ ಹಿಂಬದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಪಟ್ಟಿಗಳಿದ್ದು, ಅವನ್ನು ಒತ್ತಿದಾಗ ವಾಹನವು ಆಯಾ ಬದಿಗೆ ಜಾರುತ್ತದೆ. ಗಂಟೆಗೆ 1,000 ಕಿ.ಮೀ. ಮೀರಿದ ವೇಗದಲ್ಲಿ ಕಡಿದಾದ ತಿರುವುಗಳನ್ನು ದಾಟಲು ಈ ಜಾರುವಿಕೆ ಅನಿವಾರ್ಯ. ವೇಗವನ್ನು ಹಠಾತ್ತನೆ ಹೆಚ್ಚಿಸಲು ಪ್ರತ್ಯೇಕ ಗುಂಡಿಯಿದೆ. ಆದರೆ ಅದನ್ನು ಬಳಸಿದಷ್ಟೂ ವಾಹನದ ಶಕ್ತಿ ಕುಂದುತ್ತದೆ. ಗೋಡೆಗೆ ತಾಗಿದಾಗ, ಇತರ ವಾಹನಗಳಿಗೆ ಡಿಕ್ಕಿ ಹೊಡೆದಾಗ ಕುಂದುವುದೂ ಇದೇ ಶಕ್ತಿ. ಪೂರ್ತಿ ಬರಿದಾದರೆ ವಾಹನ ಸಿಡಿದುಹೋಗುತ್ತದೆ. ಹೀಗೆ ಗೆಲ್ಲಿಸಬಲ್ಲ ವೇಗ ಮತ್ತು ಉಳಿಸಬಲ್ಲ ಶಕ್ತಿ ಎರಡೂ ಒಂದೇ ಖಜಾನೆಯಿಂದ ಖರ್ಚಾಗುವುದರಿಂದ ಆಟಗಾರನು ಪ್ರತಿ ಕ್ಷಣವೂ ಲೆಕ್ಕ ಹಾಕಬೇಕಾಗುತ್ತದೆ.

ಆಯ್ಕೆಗೆ ಹದಿನಾಲ್ಕು ಚಾಲಕರಿದ್ದಾರೆ. ಕ್ಯಾಪ್ಟನ್ ಫಾಲ್ಕನ್, ಡಾಕ್ಟರ್ ಸ್ಟೀವರ್ಟ್, ಪಿಕೊ ಮತ್ತು ಸಮುರಾಯ್ ಗೊರೊ ಎಂಬ ನಾಲ್ವರು 1990ರ ಮೊದಲ ಆಟದಿಂದಲೇ ಬಂದವರು. ಫೀನಿಕ್ಸ್, ಪ್ರಿನ್ಸಿಯಾ ರಮೋಡ್, ಡಿಜಿ-ಬಾಯ್ ಮೊದಲಾದ ಉಳಿದ ಹತ್ತು ಮಂದಿ ಈ ಆಟಕ್ಕಾಗಿಯೇ ಹೊಸದಾಗಿ ಸೃಷ್ಟಿಯಾದವರು. ಓಟದ ದಾರಿಗಳು ಆರು. ಅವುಗಳಲ್ಲಿ ಮ್ಯೂಟ್ ಸಿಟಿಯ ಅಂಡಾಕಾರದ ‘ಸೋನಿಕ್ ಓವಲ್’ ಅತ್ಯಂತ ಸರಳವಾದುದು. ಸೆಗಾದ ಪ್ರಸಿದ್ಧ ಪಾತ್ರದ ಹೆಸರು ನಿಂಟೆಂಡೊ ಸರಣಿಯ ದಾರಿಯೊಂದರ ಮೇಲೆ ಕಾಣಿಸಿಕೊಂಡಿರುವುದು ಎರಡು ಸಂಸ್ಥೆಗಳ ಹೊಸ ಸ್ನೇಹದ ಗುರುತಿನಂತಿದೆ. ಸ್ಕ್ರೂ ಡ್ರೈವ್, ಮೀಟಿಯರ್ ಸ್ಟ್ರೀಮ್, ಸಿಲಿಂಡರ್ ವೇವ್, ಥಂಡರ್ ರೋಡ್ ಮತ್ತು ಸ್ಪೈರಲ್ ಉಳಿದ ಐದು ದಾರಿಗಳು.

ಆರ್ಕೇಡ್ ಆಟದ ವಾಡಿಕೆಯಂತೆ ಇಲ್ಲಿ ಸಮಯದ ಮಿತಿಯಿದೆ. ನಿಗದಿತ ಸ್ಥಳಗಳನ್ನು ದಾಟಿದಾಗಲೆಲ್ಲ ಹೆಚ್ಚುವರಿ ಸಮಯ ದೊರೆಯುತ್ತದೆ. ಸಮಯ ಮುಗಿದರೆ ಆಟವೂ ಮುಗಿಯುತ್ತದೆ. ಇತರ ವಾಹನಗಳೊಡನೆ ಸೆಣಸುವ ಪಂದ್ಯ ಹಾಗೂ ಕಡಿಮೆ ಅವಧಿಯಲ್ಲಿ ದಾರಿ ಮುಗಿಸುವ ಸಮಯದ ಓಟ ಎಂಬ ಎರಡು ಬಗೆಗಳಿವೆ.

ಕ್ಯಾಬಿನೆಟ್‌ಗಳು

ಆಟದ ಯಂತ್ರ, ಪರದೆ, ಆಸನ ಮತ್ತು ನಿಯಂತ್ರಣಗಳನ್ನು ಒಳಗೊಂಡ ಹೊರಕವಚವನ್ನು ಕ್ಯಾಬಿನೆಟ್ ಎನ್ನಲಾಗುತ್ತದೆ. ಎಎಕ್ಸ್ ಆಟಕ್ಕೆ ಸಾಮಾನ್ಯ ಮತ್ತು ಡೀಲಕ್ಸ್ ಎಂಬ ಎರಡು ಬಗೆಯ ಕ್ಯಾಬಿನೆಟ್‌ಗಳು ತಯಾರಾದವು. ಡೀಲಕ್ಸ್ ಕ್ಯಾಬಿನೆಟ್ ಕ್ಯಾಪ್ಟನ್ ಫಾಲ್ಕನ್‌ನ ವಾಹನವಾದ ಬ್ಲೂ ಫಾಲ್ಕನ್‌ನ್ನು ಹೋಲುತ್ತದೆ. ಅದರ ಆಸನವು ಓಟದ ತಿರುವುಗಳಿಗೆ ಅನುಗುಣವಾಗಿ ಎಡಬಲಕ್ಕೆ ವಾಲುತ್ತದೆ.

ಇವೆರಡನ್ನೂ ಮೀರಿಸಿದ ಮೂರನೆಯ ರೂಪ ‘ಮಾನ್‌ಸ್ಟರ್ ರೈಡ್’. ಇದರಲ್ಲಿ ಸೈಕ್ರಾಫ್ಟ್ ಎಂಬ ಚಲಿಸುವ ಯಂತ್ರವನ್ನು ಬಳಸಲಾಯಿತು. ಆಟಗಾರ ಕುಳಿತ ಕೋಣೆಯನ್ನೇ ಗಾಳಿಯಲ್ಲಿ ತೂಗುಹಾಕಿ, ಮೂರು ಸರ್ವೋ ಮೋಟಾರುಗಳ ಮೂಲಕ ಆಟದ ಗತಿಗೆ ತಕ್ಕಂತೆ ಅಲುಗಿಸುವ ವ್ಯವಸ್ಥೆ ಅದು. ಜಾತ್ರೆಯ ತೊಟ್ಟಿಲು ಮತ್ತು ವಿಡಿಯೋ ಆಟ ಎರಡನ್ನೂ ಬೆರೆಸಿದಂತಿದ್ದ ಇಂತಹ ಯಂತ್ರಕ್ಕೆ ವಿಶಾಲವಾದ ಸ್ಥಳ, ನುರಿತ ಸಿಬ್ಬಂದಿ ಮತ್ತು ನಿರಂತರ ದುರಸ್ತಿ ಬೇಕು. ಅದನ್ನು ಖಾಸಗಿ ಮನೆಯಲ್ಲಿಡುವುದು ಸಿರಿವಂತ ಸಂಗ್ರಾಹಕನಿಗೂ ಸುಲಭವಲ್ಲ.

ಮೆಮೊರಿ ಕಾರ್ಡ್ ಮತ್ತು ಪರವಾನಗಿ ಕಾರ್ಡ್

ಎಎಕ್ಸ್ ಆಟದ ನಿಜವಾದ ಹೊಸತನವಿರುವುದು ಅದರಲ್ಲಿ ಬಳಕೆಯಾದ ಎರಡು ಕಾರ್ಡುಗಳಲ್ಲಿ. ಮೊದಲನೆಯದು ಗೇಮ್‌ಕ್ಯೂಬ್‌ನ ಸಾಮಾನ್ಯ ಮೆಮೊರಿ ಕಾರ್ಡ್. ಮನೆಯಲ್ಲಿ ಜಿಎಕ್ಸ್ ಆಡುವವರು ತಮ್ಮ ಕಾರ್ಡನ್ನು ಆರ್ಕೇಡ್ ಅಂಗಡಿಗೆ ಒಯ್ದು ಎಎಕ್ಸ್ ಯಂತ್ರದ ಕಿಂಡಿಯಲ್ಲಿ ತೂರಿಸಬಹುದಿತ್ತು. ಮನೆಯಲ್ಲಿ ತಾವೇ ಬಿಡಿಭಾಗ ಜೋಡಿಸಿ ಕಟ್ಟಿದ ವಾಹನವನ್ನು ಅಂಗಡಿಯ ದೊಡ್ಡ ಪರದೆಯ ಮೇಲೆ ಓಡಿಸಬಹುದಿತ್ತು. ಅಲ್ಲಿ ಆಡಿದ ದಾರಿ, ಚಾಲಕ ಮತ್ತು ಬಿಡಿಭಾಗಗಳು ಕಾರ್ಡಿನಲ್ಲಿ ದಾಖಲಾಗಿ, ಮನೆಗೆ ಹಿಂದಿರುಗಿದಾಗ ಜಿಎಕ್ಸ್‌ನಲ್ಲಿ ಬಳಕೆಗೆ ಸಿಗುತ್ತಿದ್ದವು.

ಹತ್ತಿರದಲ್ಲಿ ಎಎಕ್ಸ್ ಯಂತ್ರವಿಲ್ಲದ ಆಟಗಾರನಿಗೂ ದಾರಿ ಪೂರ್ತಿ ಮುಚ್ಚಿರಲಿಲ್ಲ. ಜಿಎಕ್ಸ್‌ನ ಎಲ್ಲ ಕಪ್‌ಗಳನ್ನೂ ‘ಮಾಸ್ಟರ್’ ಹಂತದಲ್ಲಿ ಗೆದ್ದರೆ ಆರು ಎಎಕ್ಸ್ ದಾರಿಗಳು ತೆರೆಯುತ್ತವೆ. ಕಥಾಭಾಗದ ಅಧ್ಯಾಯಗಳನ್ನು ಅತಿ ಕಠಿಣ ಹಂತದಲ್ಲಿ ಮುಗಿಸಿದರೆ ಎಎಕ್ಸ್ ಚಾಲಕರು ದೊರೆಯುತ್ತಾರೆ. ಹೇಳಲು ಸುಲಭ. ಆ ಕಥಾಭಾಗವು ಗೇಮ್‌ಕ್ಯೂಬ್ ಆಟಗಳಲ್ಲೇ ಅತ್ಯಂತ ಕಷ್ಟದ ಸವಾಲುಗಳಲ್ಲಿ ಒಂದೆಂದು ಹೆಸರಾಗಿದೆ. ಅಂಗಡಿಯಲ್ಲಿ ಕೆಲವು ನಾಣ್ಯಗಳಿಗೆ ಸಿಗುತ್ತಿದ್ದುದನ್ನು ಮನೆಯಲ್ಲಿ ಪಡೆಯಲು ವಾರಗಟ್ಟಲೆ ಬೆವರು ಸುರಿಸಬೇಕಾಗಿತ್ತು. ಅಷ್ಟರಲ್ಲಾಗಲೇ ಅಮೆರಿಕ ಮತ್ತು ಯೂರೋಪಿನಲ್ಲಿ ಆರ್ಕೇಡ್ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿದ್ದುದರಿಂದ ಬಹುಪಾಲು ಆಟಗಾರರ ಪಾಲಿಗೆ ಉಳಿದದ್ದು ಎರಡನೆಯ ದಾರಿಯೇ.

ಎರಡನೆಯದು ಎಎಕ್ಸ್ ಯಂತ್ರವೇ ನೀಡುತ್ತಿದ್ದ ‘ಎಫ್-ಝೀರೋ ಪರವಾನಗಿ ಕಾರ್ಡ್’. ಕಾಂತೀಯ ಪಟ್ಟಿಯುಳ್ಳ ಈ ಕಾರ್ಡ್ ಆಟಗಾರನ ಸಾಧನೆ, ಗಳಿಸಿದ ಅಂಕಗಳು ಮತ್ತು ವಾಹನದ ವಿವರಗಳನ್ನು ಉಳಿಸಿಕೊಳ್ಳುತ್ತಿತ್ತು. ಗೇಮ್‌ಕ್ಯೂಬ್ ಇಲ್ಲದವನೂ ಇದರ ನೆರವಿನಿಂದ ಹಿಂದಿನ ದಿನ ಬಿಟ್ಟ ಕಡೆಯಿಂದ ಮುಂದುವರಿಯಬಹುದಾಗಿತ್ತು. ಈ ಕಾರ್ಡಿಗೆ ಆಯುಷ್ಯ ನಿಗದಿಯಾಗಿತ್ತು: 50 ಬಾರಿ ಬಳಸಿದ ಮೇಲೆ ಅದರ ಅವಧಿ ಮುಗಿಯುತ್ತಿತ್ತು. ಅಂಗಡಿಯವನಿಗೆ ಇದು ಸಣ್ಣ ಆದಾಯದ ಮೂಲವಾಗಿದ್ದರೆ, ಇಂದಿನ ಸಂಗ್ರಾಹಕನಿಗೆ ದೊಡ್ಡ ತೊಡಕು.

ಯಂತ್ರಾಂಶ

ಟ್ರೈಫೋರ್ಸ್ ಮೂಲತಃ ಗೇಮ್‌ಕ್ಯೂಬ್‌ನ ಆರ್ಕೇಡ್ ರೂಪ. ಅದೇ 485 ಮೆಗಾಹರ್ಟ್ಸ್ ವೇಗದ ‘ಗೆಕ್ಕೊ’ ಸಂಸ್ಕಾರಕ, ಅದೇ ‘ಫ್ಲಿಪ್ಪರ್’ ಚಿತ್ರ ಸಂಸ್ಕಾರಕ ಇದರಲ್ಲಿಯೂ ಇವೆ. ಮೂರು ಸಂಸ್ಥೆಗಳ ಸಹಯೋಗವನ್ನು ಸೂಚಿಸುವ ಹೆಸರನ್ನು ನಿಂಟೆಂಡೊದ ‘ಜೆಲ್ಡಾ’ ಸರಣಿಯ ಮೂರು ತ್ರಿಕೋನಗಳ ಪವಿತ್ರ ವಸ್ತುವಿನಿಂದ ಪಡೆಯಲಾಗಿದೆ.

ಆಟವನ್ನು ಒದಗಿಸುವ ಭಾಗ ಮಾತ್ರ ಸೆಗಾ ಸಂಪ್ರದಾಯದ್ದು. ಆಟದ ಮಾಹಿತಿ ಡ್ರೀಮ್‌ಕಾಸ್ಟ್ ಕಾಲದ ಜಿಡಿ-ರಾಮ್ ಡಿಸ್ಕ್‌ನಲ್ಲಿ ಗೂಢಲಿಪಿಯಲ್ಲಿರುತ್ತದೆ. ಯಂತ್ರ ಚಾಲೂ ಆದಾಗ ಆ ಮಾಹಿತಿಯನ್ನು ಓದಿ ಡಿಮ್ ಬೋರ್ಡ್ ಎಂಬ ಸ್ಮೃತಿ ಫಲಕಕ್ಕೆ ತುಂಬಲಾಗುತ್ತದೆ. ಆಟ ನಡೆಯುವುದು ಆ ಸ್ಮೃತಿಯಿಂದಲೇ. ದಿನವಿಡೀ ಡಿಸ್ಕ್ ತಿರುಗುತ್ತಿದ್ದರೆ ಅದರ ಡ್ರೈವ್ ಬೇಗ ಸವೆಯುತ್ತದೆಂಬುದು ಈ ಏರ್ಪಾಟಿನ ಕಾರಣ. ಗೂಢಲಿಪಿಯನ್ನು ಬಿಡಿಸುವ ಕೀಲಿಯು ಪ್ರತ್ಯೇಕವಾದ ಪುಟ್ಟ ಚಿಪ್‌ನಲ್ಲಿದ್ದು, ಒಂದೊಂದು ಆಟಕ್ಕೂ ಬೇರೆ ಬೇರೆ ಕೀಲಿಯಿರುತ್ತದೆ. ಎಎಕ್ಸ್‌ನ ಡಿಸ್ಕ್ ಇದ್ದು ಕೀಲಿ ಚಿಪ್ ಕಳೆದುಹೋಗಿದ್ದರೆ ಆ ಡಿಸ್ಕ್ ಮೂಲ ರೀತಿಯಲ್ಲಿ ನಡೆಯದು. ಬಿಡಿಯಾಗಿ ಡಿಸ್ಕ್ ಕೊಳ್ಳುವವರು ಮರೆಯಬಾರದ ಸಂಗತಿಯಿದು.

ಡಿಸ್ಕ್‌ನೊಳಗೆ ಅಡಗಿದ್ದ ಆಟ

2013ರಲ್ಲಿ ಹವ್ಯಾಸಿ ಸಂಶೋಧಕರು ಜಿಎಕ್ಸ್ ಡಿಸ್ಕ್‌ನ ಒಳಭಾಗವನ್ನು ಪರಿಶೀಲಿಸುತ್ತಿದ್ದಾಗ ಎಎಕ್ಸ್ ಆಟದ ಬಹುತೇಕ ಭಾಗ ಅದರಲ್ಲೇ ಇರುವುದನ್ನು ಕಂಡುಕೊಂಡರು. ‘ಆಕ್ಷನ್ ರೀಪ್ಲೇ’ ಎಂಬ ಉಪಕರಣದ ಮೂಲಕ ಸೂಕ್ತ ಸಂಕೇತಗಳನ್ನು ನೀಡಿದರೆ ಸಾಮಾನ್ಯ ಗೇಮ್‌ಕ್ಯೂಬ್‌ನಲ್ಲೇ ಎಎಕ್ಸ್ ತೆರೆದುಕೊಳ್ಳುತ್ತಿತ್ತು. ಎರಡೂ ಆಟಗಳು ಒಂದೇ ತಂತ್ರಾಂಶದ ತಳಹದಿಯ ಮೇಲೆ, ಒಂದೇ ಕಾಲದಲ್ಲಿ ರೂಪುಗೊಂಡುದರಿಂದ ಇದು ತಾಂತ್ರಿಕವಾಗಿ ಅಸಹಜವೇನಲ್ಲ. ಆದರೆ ಎಎಕ್ಸ್ ಯಂತ್ರವನ್ನು ಹುಡುಕಿಕೊಂಡು ಊರೂರು ಅಲೆದಿದ್ದ ಆಟಗಾರರಿಗೆ, ತಾವು ಅರಸುತ್ತಿದ್ದುದು ಹತ್ತು ವರ್ಷಗಳಿಂದ ತಮ್ಮ ಕಪಾಟಿನಲ್ಲೇ ಇತ್ತೆಂಬ ಸುದ್ದಿ ಹೇಗೆ ಕೇಳಿಸಿರಬಹುದೆಂಬುದನ್ನು ಊಹಿಸಬಹುದು.

ಹೀಗೆ ತೆರೆದುಕೊಂಡ ಎಎಕ್ಸ್‌ನಲ್ಲಿ ದಾರಿಗಳು, ಚಾಲಕರು, ಸಮಯದ ಮಿತಿ ಎಲ್ಲವೂ ಇವೆ. ಪರವಾನಗಿ ಕಾರ್ಡ್ ಇಲ್ಲ, ಪೆಡಲ್‌ಗಳಿಲ್ಲ, ವಾಲುವ ಆಸನವಿಲ್ಲ.

ಸಂಗ್ರಹಯೋಗ್ಯತೆ

ಹಳೆಯ ಆರ್ಕೇಡ್ ಆಟದ ಸಂಗ್ರಹಮೌಲ್ಯವು ಸಾಮಾನ್ಯವಾಗಿ ಉಳಿದಿರುವ ಯಂತ್ರಗಳ ಸಂಖ್ಯೆ, ಅವುಗಳ ಸ್ಥಿತಿ ಮತ್ತು ಆಟವನ್ನು ಬೇರೆಲ್ಲೂ ಆಡಲಾಗದಿರುವಿಕೆಯನ್ನು ಅವಲಂಬಿಸುತ್ತದೆ. ಎಎಕ್ಸ್ ವಿಷಯದಲ್ಲಿ ಮೂರನೆಯ ಕಾರಣ 2013ರಲ್ಲೇ ಬಹುಮಟ್ಟಿಗೆ ಬಿದ್ದುಹೋಯಿತು. ಆದರೂ ಯಂತ್ರದ ಆಕರ್ಷಣೆ ತಗ್ಗಿಲ್ಲ. ಆಟದ ತಂತ್ರಾಂಶಕ್ಕಿಂತ ಅದನ್ನು ಆಡುವ ಬಗೆಯೇ ಇಲ್ಲಿ ಅಪರೂಪದ ವಸ್ತುವಾಗಿರುವುದು ಇದಕ್ಕೆ ಕಾರಣವೆನ್ನಬೇಕು.

ಮಾರುಕಟ್ಟೆಯಲ್ಲಿ ಎಎಕ್ಸ್ ಹಲವು ತುಣುಕುಗಳಾಗಿ ದೊರೆಯುತ್ತದೆ. ಡಿಸ್ಕ್ ಮತ್ತು ಕೀಲಿ ಚಿಪ್‌ಗಳ ಜೋಡಿ, ಟ್ರೈಫೋರ್ಸ್ ಯಂತ್ರಾಂಶ, ಪರವಾನಗಿ ಕಾರ್ಡುಗಳು ಬಿಡಿಬಿಡಿಯಾಗಿ ಕೈ ಬದಲಿಸುತ್ತವೆ. ಇವನ್ನು ಅಂಚೆಯ ಮೂಲಕ ದೂರದೇಶಕ್ಕೂ ಕಳುಹಿಸಬಹುದು. ಪೂರ್ಣ ಕ್ಯಾಬಿನೆಟ್‌ನ ಮಾತೇ ಬೇರೆ. ಅದರ ತೂಕ ಮತ್ತು ಗಾತ್ರಗಳಿಂದಾಗಿ ಸಾಗಣೆಯ ವೆಚ್ಚವೇ ಕೊಳ್ಳುವವನ ನಿರ್ಧಾರವನ್ನು ಬದಲಿಸಬಲ್ಲದು. ಮನೆಯ ಬಾಗಿಲಿನ ಅಗಲವನ್ನೂ ಮೊದಲೇ ಅಳೆದುಕೊಳ್ಳಬೇಕಾಗುತ್ತದೆ. ಜೊತೆಗೆ, ಆದಾಯ ಇಳಿದ ಆಟದ ಕ್ಯಾಬಿನೆಟ್‌ಗೆ ಬೇರೊಂದು ಆಟವನ್ನು ತುಂಬಿ ಮತ್ತೆ ದುಡಿಸುವುದು ಆರ್ಕೇಡ್ ವ್ಯವಹಾರದಲ್ಲಿ ಹಳೆಯ ಪದ್ಧತಿ. ಸಾಮಾನ್ಯ ಕ್ಯಾಬಿನೆಟ್‌ಗಳು ಹೀಗೆ ರೂಪಾಂತರಗೊಳ್ಳುವುದು ಸುಲಭ. ಬ್ಲೂ ಫಾಲ್ಕನ್ ಆಕಾರದ ಡೀಲಕ್ಸ್ ಕ್ಯಾಬಿನೆಟ್‌ಗೆ ಬೇರೆ ಆಟ ಹೊಂದುವುದು ಕಷ್ಟ. ಅದೇ ಅದರ ಗುರುತನ್ನೂ ಉಳಿಸುತ್ತದೆ, ಬೇಡವಾದಾಗ ಗುಜರಿಗೆ ಹೋಗುವ ಸಂಭವವನ್ನೂ ಹೆಚ್ಚಿಸುತ್ತದೆ.

ಯಂತ್ರವನ್ನು ಪರೀಕ್ಷಿಸುವಾಗ ಸಂಗ್ರಾಹಕರು ಹೊರಗಿನ ಬಣ್ಣಕ್ಕಿಂತ ಮೊದಲು ಚಲಿಸುವ ಭಾಗಗಳನ್ನು ನೋಡುತ್ತಾರೆ. ಸ್ಟೀರಿಂಗ್ ನೆಟ್ಟಗಿದ್ದಾಗ ವಾಹನವೂ ನೇರವಾಗಿ ಓಡುತ್ತದೆಯೇ, ಪೆಡಲ್ ಒತ್ತಿದ ಪ್ರಮಾಣ ಸರಿಯಾಗಿ ದಾಖಲಾಗುತ್ತದೆಯೇ ಎಂಬುದನ್ನು ಯಂತ್ರದ ಪರೀಕ್ಷಾ ಪರದೆಯಲ್ಲಿ ತಿಳಿಯಬಹುದು. ಜಿಡಿ-ರಾಮ್ ಡ್ರೈವ್‌ಗಳ ಲೇಸರ್ ಕಾಲಕ್ರಮೇಣ ದುರ್ಬಲವಾಗುತ್ತದೆ. ಹೊಸ ಡ್ರೈವ್‌ಗಳ ತಯಾರಿಕೆ ನಿಂತು ಬಹುಕಾಲವಾಗಿರುವುದರಿಂದ, ಕೆಟ್ಟದ್ದಕ್ಕೆ ಇನ್ನೊಂದು ಹಳೆಯ ಡ್ರೈವ್‌ನ್ನೇ ತರಬೇಕು. ಇದಕ್ಕೆ ಪರ್ಯಾಯವಾಗಿ ಹವ್ಯಾಸಿಗಳು ಡಿಸ್ಕ್‌ನ್ನು ಬದಿಗಿಟ್ಟು, ಪುಟ್ಟ ಕಂಪ್ಯೂಟರ್‌ವೊಂದರಿಂದ ಜಾಲತಂತಿಯ ಮೂಲಕ ಡಿಮ್ ಬೋರ್ಡ್‌ಗೆ ಆಟವನ್ನು ತುಂಬುವ ವಿಧಾನವನ್ನು ರೂಪಿಸಿಕೊಂಡಿದ್ದಾರೆ. ಯಂತ್ರ ಉಳಿಯಲು ಇದು ನೆರವಾಗುತ್ತದೆ. ಆದರೆ ಮೂಲ ಡಿಸ್ಕ್, ಮೂಲ ಡ್ರೈವ್ ಮತ್ತು ಮೂಲ ಕೀಲಿ ಮೂರೂ ಸುಸ್ಥಿತಿಯಲ್ಲಿರುವ ಯಂತ್ರವನ್ನೇ ‘ಪೂರ್ಣ’ವೆಂದು ಪರಿಗಣಿಸುವ ಸಂಗ್ರಾಹಕರಿಗೆ ಅದು ಒಪ್ಪಿಗೆಯಾಗದು. ಈ ಭಿನ್ನಾಭಿಪ್ರಾಯದಲ್ಲಿ ಮೊದಲ ಪಕ್ಷದ ವಾದ ಹೆಚ್ಚು ಸಮಂಜಸವಾಗಿ ಕಾಣುತ್ತದೆ: ಮೂಲ ಡ್ರೈವ್ ಸವೆಯದಂತೆ ತೆಗೆದಿಟ್ಟು ಬದಲಿ ವಿಧಾನದಿಂದ ಆಡುವುದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ.

ಪರವಾನಗಿ ಕಾರ್ಡುಗಳ ಸ್ಥಿತಿ ಇನ್ನೂ ಸೂಕ್ಷ್ಮ. ಬಳಸದೆ ಉಳಿದ ಕಾರ್ಡಿಗೆ ಸಂಗ್ರಾಹಕರ ಕಣ್ಣಲ್ಲಿ ಬೆಲೆ ಹೆಚ್ಚು. ಆದರೆ ಯಂತ್ರವು ತನ್ನ ಪೂರ್ಣರೂಪದಲ್ಲಿ ನಡೆಯಬೇಕಾದರೆ ಕಾರ್ಡನ್ನು ಬಳಸಲೇಬೇಕು, ಬಳಸಿದ ಪ್ರತಿ ಬಾರಿಯೂ 50ರ ಲೆಕ್ಕದಲ್ಲಿ ಒಂದು ಕಳೆಯುತ್ತದೆ. ಕಾರ್ಡನ್ನು ಒಳಗೆಳೆದುಕೊಳ್ಳುವ ಯಂತ್ರಭಾಗವೂ ಸವೆಯುವ ವಸ್ತುವೇ. ಕಾಂತೀಯ ಪಟ್ಟಿಯ ದಾಖಲೆ ತಾನಾಗಿಯೂ ಕಾಲಾಂತರದಲ್ಲಿ ಮಸುಕಾಗಬಹುದು. ಅವಧಿ ಮುಗಿದ ಕಾರ್ಡಿಗೂ ಬೇರೊಂದು ಬಗೆಯ ಮೌಲ್ಯವಿದೆ. ಯಾವುದೋ ಊರಿನ ಅಪರಿಚಿತ ಆಟಗಾರನೊಬ್ಬನು ಐವತ್ತು ಬಾರಿ ಈ ಯಂತ್ರದ ಮುಂದೆ ಕುಳಿತಿದ್ದನೆಂಬುದಕ್ಕೆ ಉಳಿದಿರುವ ಸಾಕ್ಷ್ಯ ಬಹುಶಃ ಅದೊಂದೇ.

ಗೇಮ್‌ಕ್ಯೂಬ್ ಮತ್ತು ಎಎಕ್ಸ್ ನಡುವಿನ ಸಂಪರ್ಕವನ್ನು ಇಂದು ನೋಡಬೇಕಾದರೆ ಸುಸ್ಥಿತಿಯಲ್ಲಿರುವ ಎಎಕ್ಸ್ ಯಂತ್ರ, ಅದರ ಮೆಮೊರಿ ಕಾರ್ಡ್ ಕಿಂಡಿ, ಗೇಮ್‌ಕ್ಯೂಬ್, ಜಿಎಕ್ಸ್ ಡಿಸ್ಕ್ ಮತ್ತು ಮೆಮೊರಿ ಕಾರ್ಡ್ ಎಲ್ಲವೂ ಒಂದೆಡೆ ಸೇರಬೇಕು. ಕೊನೆಯ ಮೂರು ಹಳೆಯ ವಸ್ತುಗಳ ಮಾರುಕಟ್ಟೆಯಲ್ಲಿ ಸುಲಭವಾಗಿ ದೊರೆಯುತ್ತವೆ. ಮೊದಲ ಎರಡರಲ್ಲಿ ಕಿಂಡಿಯ ಸ್ಥಿತಿಯನ್ನು ಕೊಳ್ಳುವವರು ಹಲವು ಬಾರಿ ಕಡೆಗಣಿಸುತ್ತಾರೆ.

ನಂತರದ ದಿನಗಳು

2004ರಲ್ಲಿ ಜಪಾನಿನಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಯಂತ್ರಕ್ಕೆ ಬಂದ ಎಫ್-ಝೀರೋ ಕ್ಲೈಮ್ಯಾಕ್ಸ್ ನಂತರ ಸರಣಿಯಲ್ಲಿ ದೀರ್ಘಕಾಲ ಹೊಸ ಆಟ ಬರಲಿಲ್ಲ. 2023ರ ಎಫ್-ಝೀರೋ 99 ಆ ಮೌನವನ್ನು ಮುರಿದರೂ ಅದು 1990ರ ಆಟದ ಶೈಲಿಯನ್ನೇ ಅನುಸರಿಸಿತು. ಸುಮಾರು ಎರಡು ದಶಕಗಳ ಈ ಬರಗಾಲವೂ ಎಎಕ್ಸ್ ಮತ್ತು ಜಿಎಕ್ಸ್ ಮೇಲಿನ ಆಸಕ್ತಿಯನ್ನು ಜೀವಂತವಾಗಿಟ್ಟಿತು. ಟ್ರೈಫೋರ್ಸ್ ಯಂತ್ರಾಂಶದಲ್ಲಿ ನಂತರ ನ್ಯಾಮ್ಕೊದ ‘ಮಾರಿಯೊ ಕಾರ್ಟ್ ಆರ್ಕೇಡ್ ಜಿಪಿ’ ಸೇರಿದಂತೆ ಕೆಲವೇ ಆಟಗಳು ಬಂದವು.

2025ರ ಜೂನ್‌ನಲ್ಲಿ ನಿಂಟೆಂಡೊ ಸ್ವಿಚ್ 2 ಯಂತ್ರದೊಂದಿಗೆ ಜಿಎಕ್ಸ್ ಆಟವು ಚಂದಾದಾರರಿಗೆ ಮತ್ತೆ ಲಭ್ಯವಾಯಿತು. ಎಎಕ್ಸ್ ದಾರಿಗಳನ್ನೂ ಚಾಲಕರನ್ನೂ ಬಯಸುವ ಹೊಸ ಆಟಗಾರರು ಮಾಸ್ಟರ್ ಹಂತವನ್ನು ಗೆದ್ದು, ಕಥಾಭಾಗವನ್ನು ಅತಿ ಕಠಿಣ ಹಂತದಲ್ಲಿ ಮುಗಿಸಿಯೇ ಅವನ್ನು ಪಡೆಯಬೇಕಾಗಿದೆ.